ಮೆಥೊಟ್ರೆಕ್ಸೇಟ್ ಹಿಂದಿನ ಮನುಷ್ಯ: ಡಾ. ಯಲ್ಲಾಪ್ರಗಡ ಸುಬ್ಬಾರಾವ್



ಈ ಸಲದ ಇ-ಸಂಚಿಕೆಗೆ ಆರೋಗ್ಯದ ಬಗ್ಗೆ ಏನಾದರೂ ಬರೆದುಕೊಡಿ ಎಂದಾಗ ಮೊದಲು ಹಿಂಜರಿದೆ. ನಾನು ಡಾಕ್ಟರ್ ಅಲ್ಲ, ಸಾಫ್ಟ್‌ವೇರ್ ಕೆಲಸದವಳು. ಆದರೆ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿ ನನ್ನನ್ನು ಒಬ್ಬ ಮನುಷ್ಯನ ಜೀವನಕಥೆಯವರೆಗೆ ಕರೆದುಕೊಂಡು ಹೋಯಿತು. ಅದನ್ನೇ ಹಂಚಿಕೊಳ್ಳುತ್ತಿದ್ದೇನೆ. ಅತ್ತಿಗೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಕೆಲವು ವರ್ಷಗಳ ಹಿಂದೆ ನನ್ನ ಅತ್ತಿಗೆ ಎರಡನೇ ಸಲ ಬಸುರಿಯಾದರು. ಮೂರನೇ ತಿಂಗಳಿಗೆ ರಕ್ತಸ್ರಾವ ಶುರುವಾಯಿತು. ಸ್ಕ್ಯಾನ್ ಮಾಡಿದರೆ ಒಳಗೆ ಮಗುವೇ ಇಲ್ಲ, ದ್ರಾಕ್ಷಿ ಗೊಂಚಲಿನಂಥ ಗುಳ್ಳೆಗಳು. ಮೋಲಾರ್ ಪ್ರೆಗ್ನೆನ್ಸಿ ಎಂಬ ಹೆಸರನ್ನು ನಾವು ಕೇಳಿದ್ದು ಅಂದೇ ಮೊದಲು. ಸ್ವಚ್ಛ ಮಾಡಿ ಮನೆಗೆ ಕಳಿಸಿದರು. ಆಮೇಲೆ ವಾರವಾರವೂ ರಕ್ತಪರೀಕ್ಷೆ ಮಾಡಿಸಬೇಕು ಎಂದು ಅಲ್ಲಿ ಯಾರೂ ಒತ್ತಿ ಹೇಳಲಿಲ್ಲ. ಎರಡು ತಿಂಗಳಾದ ಮೇಲೆ ಮತ್ತೆ ರಕ್ತಸ್ರಾವ. ಬೇರೆ ಡಾಕ್ಟರ್ ಬಳಿ ಹೋದೆವು. ಅವರು ಎಚ್‌ಸಿಜಿ ಎಂಬ ಹಾರ್ಮೋನಿನ ಪರೀಕ್ಷೆ ಮಾಡಿಸಿ ನಮ್ಮನ್ನು ಕೂರಿಸಿಕೊಂಡು ವಿವರಿಸಿದರು. ಉಳಿದುಹೋದ ಜೀವಕೋಶಗಳು ಮತ್ತೆ ಬೆಳೆಯುತ್ತಿದ್ದವು. ಗರ್ಭದಿಂದಲೇ ಹುಟ್ಟುವ ಒಂದು ಅಪರೂಪದ ಕ್ಯಾನ್ಸರ್ ಅದು.

ಆ ಶಬ್ದ ಕೇಳಿ ಅಣ್ಣನ ಮುಖ ಬಿಳಿಚಿಕೊಂಡಿತು. ಆದರೆ ಡಾಕ್ಟರ್ ಮಾತ್ರ ಗಾಬರಿಯಾಗಿರಲಿಲ್ಲ. ಒಂದೇ ಒಂದು ಹಳೆಯ ಔಷಧಿಯಲ್ಲಿ ಇದು ವಾಸಿಯಾಗುವ ಸಾಧ್ಯತೆ ತುಂಬಾ ಹೆಚ್ಚು ಎಂದರು. ಔಷಧಿಯ ಹೆಸರು ಮೆಥೊಟ್ರೆಕ್ಸೇಟ್. ಕೆಲವು ತಿಂಗಳ ಇಂಜೆಕ್ಷನ್‌ಗಳ ನಂತರ ಅತ್ತಿಗೆಯ ರಿಪೋರ್ಟಿನಲ್ಲಿ ಸಂಖ್ಯೆ ಇಳಿಯುತ್ತಾ ಇಳಿಯುತ್ತಾ ಸಾಮಾನ್ಯ ಮಟ್ಟಕ್ಕೆ ಬಂತು. ಇಂದು ಅವರು ಆರಾಮಾಗಿದ್ದಾರೆ.

ಆ ದಿನಗಳಲ್ಲಿ ಹೈದರಾಬಾದಿನ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಈ ಔಷಧಿಯ ಹೆಸರು ಹೇಳಿದಾಗ, ಪಕ್ಕದಲ್ಲಿ ಕೂತಿದ್ದ ತೆಲುಗು ಸಹೋದ್ಯೋಗಿ ತಟ್ಟನೆ, ಅದು ನಮ್ಮೂರಿನವರ ಔಷಧಿ ಎಂದುಬಿಟ್ಟರು. ಅವರ ಊರು ಭೀಮವರಂ. ಅಂದು ರಾತ್ರಿ ಹುಡುಕಿ ಓದಲು ಕೂತವಳು ಬೆಳಗಿನ ಜಾವದವರೆಗೆ ಏಳಲಿಲ್ಲ.

ಮೂರನೇ ಸಲಕ್ಕೆ ಪಾಸಾದ ಹುಡುಗ

ಯಲ್ಲಾಪ್ರಗಡ ಸುಬ್ಬಾರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ತಂದೆ ಜಗನ್ನಾಥಂ ಕಂದಾಯ ಇಲಾಖೆಯಲ್ಲಿದ್ದವರು. ಕಾಯಿಲೆಯಿಂದ ಬೇಗನೆ ಕೆಲಸ ಬಿಡಬೇಕಾಯಿತು. ತಾಯಿ ವೆಂಕಮ್ಮ. ಏಳು ಮಕ್ಕಳ ಸಂಸಾರ, ಕೈಯಲ್ಲಿ ಕಾಸಿಲ್ಲ. ಹುಡುಗನಿಗೆ ಓದು ರುಚಿಸಲಿಲ್ಲ. ಹದಿಮೂರರ ವಯಸ್ಸಿನಲ್ಲಿ, ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡುತ್ತೇನೆಂದು ಮನೆ ಬಿಟ್ಟು ಓಡಿದ. ದಾರಿಯಲ್ಲೇ ಸಿಕ್ಕಿಬಿದ್ದ. ವೆಂಕಮ್ಮ ವಾಪಸು ಕರೆತಂದು ಮತ್ತೆ ಶಾಲೆಗೆ ಕೂರಿಸಿದರು.

ಮೆಟ್ರಿಕ್ಯುಲೇಷನ್ನಿನಲ್ಲಿ ಎರಡು ಸಲ ಫೇಲು. ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೇ ಸಲ ಬರೆದಾಗ ಪಾಸಾದರು. ಅಷ್ಟರಲ್ಲಿ ತಂದೆಯೂ ತೀರಿಕೊಂಡರು. ಓದು ನಿಲ್ಲಬಾರದೆಂದು ತಾಯಿ ಒಡವೆ ಮಾರಿ ಹಣ ಕೊಟ್ಟರು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. ಓದು ಬರೆಹ ಹೆಚ್ಚು ಸಿಗದ ಕಾಲದ ಹೆಣ್ಣುಮಗಳು ಆಕೆ. ಮಗನ ಹಟಕ್ಕಿಂತ ಆಕೆಯ ಹಟ ದೊಡ್ಡದಾಗಿತ್ತು.

ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿದ್ದಾಗ ಸುಬ್ಬಾರಾವ್ ಅವರಿಗೆ ಸನ್ಯಾಸಿಯಾಗುವ ಮನಸ್ಸಾಯಿತು. ರಾಮಕೃಷ್ಣ ಮಿಷನ್ನಿನ ಸೇವಾಕಾರ್ಯ ಅವರನ್ನು ಸೆಳೆದಿತ್ತು. ತಾಯಿ ಒಪ್ಪಲಿಲ್ಲ. ಸೇವೆಯೇ ಮಾಡಬೇಕಿದ್ದರೆ ವೈದ್ಯನಾಗಿ ಮಾಡಬಹುದಲ್ಲ ಎಂಬ ಸಲಹೆ ಬಂತು. ಹಾಗೆ ಅವರು ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಅಲ್ಲಿನ ಖರ್ಚು ಸಣ್ಣದಲ್ಲ. 1919ರಲ್ಲಿ ಶೇಷಗಿರಿ ಎಂಬ ಹುಡುಗಿಯೊಂದಿಗೆ ಮದುವೆಯಾಯಿತು. ಓದಿನ ಖರ್ಚಿಗೆ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಗಳು ನೆರವಾದರು.

ಖಾದಿ ಕೋಟು, ಕೈತಪ್ಪಿದ ಪದವಿ

ಅದು ಗಾಂಧೀಜಿಯವರ ಕರೆಗೆ ದೇಶವೇ ಎದ್ದು ನಿಂತಿದ್ದ ಕಾಲ. ಸುಬ್ಬಾರಾವ್ ವಿದೇಶಿ ಬಟ್ಟೆ ಬಿಟ್ಟು, ಆಪರೇಷನ್ ಕೋಣೆಗೂ ಖಾದಿ ಕೋಟನ್ನೇ ತೊಟ್ಟು ಹೋದರು. ಶಸ್ತ್ರಚಿಕಿತ್ಸೆಯ ಪ್ರಾಧ್ಯಾಪಕರಾಗಿದ್ದ ಬ್ರಾಡ್‌ಫೀಲ್ಡ್ ಅವರಿಗೆ ಅದು ಸರಿಬರಲಿಲ್ಲ. ಓದಿನಲ್ಲಿ ಯಾವ ಕೊರತೆಯೂ ಇಲ್ಲದಿದ್ದರೂ ಸುಬ್ಬಾರಾವ್ ಅವರಿಗೆ ಪೂರ್ಣ ಎಂಬಿಬಿಎಸ್ ಪದವಿ ಸಿಗಲಿಲ್ಲ. ಅದಕ್ಕಿಂತ ಕೆಳಗಿನ ಎಲ್‌ಎಂಎಸ್ ಸರ್ಟಿಫಿಕೇಟಿಗೆ ತೃಪ್ತಿಪಡಬೇಕಾಯಿತು. ಮದ್ರಾಸಿನ ಸರ್ಕಾರಿ ವೈದ್ಯಕೀಯ ಸೇವೆಯೂ ಅವರನ್ನು ತೆಗೆದುಕೊಳ್ಳಲಿಲ್ಲ. ಕೊನೆಗೆ ಡಾ. ಆಚಂಟ ಲಕ್ಷ್ಮೀಪತಿಗಳ ಆಯುರ್ವೇದ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರದ ಉಪನ್ಯಾಸಕರಾದರು.

ಆ ವರ್ಷಗಳಲ್ಲೇ ಮನೆಗೆ ದೊಡ್ಡ ಏಟು ಬಿತ್ತು. ಸ್ಪ್ರೂ ಎಂಬ ಕಾಯಿಲೆಗೆ ಇಬ್ಬರು ಸಹೋದರರು ಬಲಿಯಾದರು. ತಿಂದದ್ದು ಮೈಗೆ ಹತ್ತದೆ, ಭೇದಿಯಾಗಿ, ರಕ್ತ ತೆಳ್ಳಗಾಗಿ ಮನುಷ್ಯ ಸೊರಗಿಹೋಗುವ ಕಾಯಿಲೆ ಅದು. ಸುಬ್ಬಾರಾವ್ ಅವರಿಗೂ ಅದು ತಗುಲಿತ್ತು. ಲಕ್ಷ್ಮೀಪತಿಗಳ ಚಿಕಿತ್ಸೆಯಿಂದ ಅವರು ಬದುಕಿಕೊಂಡರು. ಈ ಕಾಯಿಲೆಯ ಮೂಲ ಏನು, ಮದ್ದು ಏನು ಎಂಬ ಪ್ರಶ್ನೆ ಅವರ ತಲೆಯಿಂದ ಇಳಿಯಲಿಲ್ಲ.

ಮಾವನ ನೆರವು, ಕಾಕಿನಾಡದ ಒಂದು ಧರ್ಮಸಂಸ್ಥೆಯ ಸಹಾಯದ ಭರವಸೆ ಜೊತೆಗಿಟ್ಟುಕೊಂಡು 1920ರ ದಶಕದ ಆರಂಭದಲ್ಲಿ ಅಮೆರಿಕದ ಬಾಸ್ಟನ್‌ಗೆ ಹಡಗು ಹತ್ತಿದರು. ಓದು ಮುಗಿಸಿ ಮರಳುವ ಯೋಚನೆ ಇತ್ತು. ಶೇಷಗಿರಿ ಇಲ್ಲೇ ಉಳಿದರು. ಅವರಿಗೆ ಹುಟ್ಟಿದ ಗಂಡು ಮಗು ಶೈಶವದಲ್ಲೇ ತೀರಿಕೊಂಡಿತು. ಆಗ ತಂದೆ ಸಮುದ್ರದಾಚೆ. ಗಂಡ ಹೆಂಡತಿ ಮತ್ತೆಂದೂ ಭೇಟಿಯಾಗಲಿಲ್ಲ.

ಈ ಸಾಲಿಗೆ ಬಂದಾಗ ನಾನು ಓದುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿದೆ. ಸುಬ್ಬಾರಾವ್ ಬಗ್ಗೆ ಬರೆದ ಪುಟಗಳು ಎಷ್ಟೋ ಇವೆ. ಶೇಷಗಿರಿಯವರ ಬಗ್ಗೆ ಹುಡುಕಿದರೆ ಸಿಗುವುದು ಕೆಲವೇ ಸಾಲು.

ಹಗಲು ಹಾರ್ವರ್ಡ್, ರಾತ್ರಿ ಆಸ್ಪತ್ರೆಯ ಚಾಕರಿ

ಹಾರ್ವರ್ಡ್‌ನಲ್ಲಿ ಉಷ್ಣವಲಯದ ಕಾಯಿಲೆಗಳ ಕೋರ್ಸಿಗೆ ಸೀಟು ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಅವರ ವೈದ್ಯಕೀಯ ಸರ್ಟಿಫಿಕೇಟಿಗೆ ಅಲ್ಲಿ ಬೆಲೆಯಿರಲಿಲ್ಲ. ಹೊಟ್ಟೆಪಾಡಿಗೆ ಬಾಸ್ಟನ್ನಿನ ಆಸ್ಪತ್ರೆಯೊಂದರಲ್ಲಿ ರಾತ್ರಿ ಪಾಳಿಯ ಕೆಲಸಕ್ಕೆ ಸೇರಿದರು. ರೋಗಿಗಳ ಬೆಡ್‌ಪ್ಯಾನ್ ತೊಳೆಯುವುದು, ವಾರ್ಡ್ ಚೊಕ್ಕಟ ಮಾಡುವುದು. ಬೆಳಗಾದರೆ ಮತ್ತೆ ಪುಸ್ತಕ.

ಡಿಪ್ಲೊಮಾ ಮುಗಿಸಿ ಜೀವರಸಾಯನಶಾಸ್ತ್ರ ವಿಭಾಗದ ಸೈರಸ್ ಫಿಸ್ಕೆ ಅವರ ಜೊತೆ ಸೇರಿದರು. ರಕ್ತ ಮತ್ತು ಮೂತ್ರದಲ್ಲಿರುವ ರಂಜಕವನ್ನು ಬಣ್ಣದ ಮೂಲಕ ಅಳೆಯುವ ವಿಧಾನವನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಫಿಸ್ಕೆ–ಸುಬ್ಬಾರಾವ್ ವಿಧಾನ ಎಂದು ಬಯೋಕೆಮಿಸ್ಟ್ರಿ ಓದಿದವರಿಗೆಲ್ಲ ಅದು ಗೊತ್ತು. 1927ರಲ್ಲಿ ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತು ಇರುವುದನ್ನು ತೋರಿಸಿದರು. 1929ರಲ್ಲಿ ಎಟಿಪಿ. ಇದೇ ಎಟಿಪಿಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಕಂಡುಹಿಡಿದರು. ಹತ್ತನೇ ಕ್ಲಾಸಿನ ಮಕ್ಕಳೂ ಇಂದು ಎಟಿಪಿಯನ್ನು ಜೀವಕೋಶದ ಶಕ್ತಿಯ ನಾಣ್ಯ ಎಂದು ಓದುತ್ತಾರೆ. ಆ ನಾಣ್ಯವನ್ನು ಗುರುತಿಸಿದವರಲ್ಲಿ ಒಬ್ಬರು ಮೆಟ್ರಿಕ್‌ನಲ್ಲಿ ಎರಡು ಸಲ ಫೇಲಾದವರು.

1930ರಲ್ಲಿ ಪಿಎಚ್‌ಡಿ ಬಂತು. ಖಾಯಂ ಹುದ್ದೆ ಮಾತ್ರ ಬರಲಿಲ್ಲ. ಅವರು ಬೇರ್ಪಡಿಸಿದ್ದ ಕೆಲವು ವಸ್ತುಗಳ ವಿವರ ಹೊರಗೆ ಬರಲು ಫಿಸ್ಕೆ ಬಿಡಲಿಲ್ಲ, ಅವನ್ನು ಬೇರೆಯವರು ವರ್ಷಗಳ ನಂತರ ಮತ್ತೆ ಕಂಡುಹಿಡಿಯಬೇಕಾಯಿತು ಎಂದು ಅವರೊಡನೆ ಅಲ್ಲಿ ಓದಿದ್ದ, ಮುಂದೆ ನೊಬೆಲ್ ಪಡೆದ ಜಾರ್ಜ್ ಹಿಚಿಂಗ್ಸ್ ಹೇಳಿದ್ದುಂಟು. ಸ್ವತಃ ಸುಬ್ಬಾರಾವ್ ತಮ್ಮ ಹೆಸರಿಗಾಗಿ ಓಡಾಡುವ ಜಾಯಮಾನದವರಲ್ಲ. 1940ರಲ್ಲಿ ಅವರು ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ರಾಜ್ಯದ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲಿ ಔಷಧ ಕಂಪನಿ ಸೇರಿದರು. ಸ್ವಲ್ಪ ಕಾಲದಲ್ಲೇ ಅಲ್ಲಿನ ಸಂಶೋಧನಾ ವಿಭಾಗದ ನಿರ್ದೇಶಕರಾದರು.

ಮುಂಬೈನ ಗಿರಣಿಯ ಹೆಂಗಸರು

ಸುಬ್ಬಾರಾವ್ ಅವರ ಮುಂದಿನ ಕೆಲಸ ಅರ್ಥವಾಗಬೇಕಾದರೆ ಒಮ್ಮೆ ಮುಂಬೈಗೆ ಬರಬೇಕು. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಲ್ಲಿಗೆ ಬಂದಿದ್ದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿ ಹೆಂಗಸರಲ್ಲಿ ವಿಚಿತ್ರ ರಕ್ತಹೀನತೆ ಕಾಣಿಸುತ್ತಿತ್ತು. ಹಲವರು ಹೆರಿಗೆಯ ಹೊತ್ತಿಗೆ ಸಾಯುತ್ತಿದ್ದರು. ಅವರು ಏನು ತಿನ್ನುತ್ತಾರೆ, ಎಲ್ಲಿ ಇರುತ್ತಾರೆ ಎಂದು ವಿಲ್ಸ್ ವಿಚಾರಿಸಿದರು. ಕೊನೆಗೆ ಮಾರ್ಮೈಟ್ ಎಂಬ ಅಗ್ಗದ ಯೀಸ್ಟ್ ಸಾರ ಕೊಟ್ಟರೆ ರಕ್ತ ಚೇತರಿಸಿಕೊಳ್ಳುತ್ತದೆ ಎಂದು ಕಂಡುಕೊಂಡು 1931ರಲ್ಲಿ ಪ್ರಕಟಿಸಿದರು. ಅದರಲ್ಲಿದ್ದ ಗುಟ್ಟಿನ ವಸ್ತುವಿಗೆ ವಿಲ್ಸ್ ಫ್ಯಾಕ್ಟರ್ ಎಂದೇ ಹೆಸರಾಯಿತು. 1941ರಲ್ಲಿ ಅಮೆರಿಕದ ವಿಜ್ಞಾನಿಗಳು ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಇಂಥದೇ ವಸ್ತುವನ್ನು ಚೂರೇ ಚೂರು ತೆಗೆದು ಫೋಲಿಕ್ ಆಸಿಡ್ ಎಂದು ಕರೆದರು. ಎಲೆ ಎಂಬುದಕ್ಕಿರುವ ಲ್ಯಾಟಿನ್ ಶಬ್ದದಿಂದ ಬಂದ ಹೆಸರು ಅದು. ನಮ್ಮಲ್ಲಿ ಬಸುರಿಯಾದವರೆಲ್ಲ ನುಂಗಿದ ಫೋಲಿಕ್ ಆಸಿಡ್ ಮಾತ್ರೆ ಇದೇ.

ಇದನ್ನು ಶುದ್ಧವಾಗಿ ಬೇರ್ಪಡಿಸಿ, ರಚನೆ ತಿಳಿದು, ಕಾರ್ಖಾನೆಯಲ್ಲಿ ತಯಾರಿಸುವಂತೆ ಮಾಡಿದ್ದು ಲೆಡರ್ಲಿಯಲ್ಲಿ ಸುಬ್ಬಾರಾವ್ ಅವರ ತಂಡ, 1945ರ ಹೊತ್ತಿಗೆ. ಈ ಕೃತಕ ಫೋಲಿಕ್ ಆಸಿಡ್ ಕೊಟ್ಟಾಗ ಸ್ಪ್ರೂ ರೋಗಿಗಳು ಚೇತರಿಸಿಕೊಂಡರು ಎಂದು ಟಾಮ್ ಸ್ಪೈಸ್ ಎಂಬ ವೈದ್ಯರು ತೋರಿಸಿದರು. ಇಬ್ಬರು ಸಹೋದರರನ್ನು ನುಂಗಿದ ಕಾಯಿಲೆಯ ಮದ್ದು ಇಪ್ಪತ್ತು ವರ್ಷಗಳಿಗೂ ಮಿಕ್ಕಿದ ಮೇಲೆ ಆ ಮನೆಯ ಮಗನ ಪ್ರಯೋಗಾಲಯದಿಂದಲೇ ಬಂತು.

ಬೀಗಕ್ಕೆ ಸಿಕ್ಕಿಕೊಳ್ಳುವ ತಪ್ಪು ಕೀಲಿ

ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ವೈದ್ಯರಿದ್ದರು. ರಕ್ತದ ಕ್ಯಾನ್ಸರ್ ಬಂದ ಮಕ್ಕಳು ಆಗ ಕೆಲವು ವಾರಗಳಲ್ಲೋ ತಿಂಗಳುಗಳಲ್ಲೋ ತೀರಿಕೊಳ್ಳುತ್ತಿದ್ದರು. ಫೋಲಿಕ್ ಆಸಿಡ್ ರಕ್ತಕ್ಕೆ ಒಳ್ಳೆಯದಲ್ಲವೇ ಎಂದು ಫಾರ್ಬರ್ ಲೆಡರ್ಲಿಯಿಂದ ಆ ಬಗೆಯ ವಸ್ತುಗಳನ್ನು ತರಿಸಿ ಕೊಟ್ಟು ನೋಡಿದರು. ಆದದ್ದು ತಿರುಗುಮುರುಗು. ಕ್ಯಾನ್ಸರ್ ಇನ್ನೂ ವೇಗವಾಗಿ ಬೆಳೆಯಿತು.

ನಮ್ಮ ಕೆಲಸದಲ್ಲಿ ಒಂದು ಅನುಭವ ಇದೆ. ಪ್ರೋಗ್ರಾಮ್ ತಪ್ಪು ಉತ್ತರ ಕೊಟ್ಟಾಗ ಆ ತಪ್ಪೇ ಎಲ್ಲಿ ನೋಡಬೇಕು ಎಂದು ತೋರಿಸುತ್ತದೆ. ಇಲ್ಲೂ ಹಾಗೆಯೇ ಆಯಿತು. ಫೋಲಿಕ್ ಆಸಿಡ್ ಸಿಕ್ಕರೆ ಕ್ಯಾನ್ಸರ್ ಕೊಬ್ಬುತ್ತದೆ ಎಂದರೆ, ಅದು ಸಿಗದಂತೆ ಮಾಡಿದರೆ ಸೊರಗಬೇಕು. ಜೀವಕೋಶ ಎರಡಾಗುವ ಮುನ್ನ ತನ್ನ ಡಿಎನ್‌ಎಯ ಪ್ರತಿ ಮಾಡಿಕೊಳ್ಳಬೇಕು. ಅದಕ್ಕೆ ಫೋಲಿಕ್ ಆಸಿಡ್ ಬೇಕೇ ಬೇಕು. ನೋಡಲು ಫೋಲಿಕ್ ಆಸಿಡ್‌ನಂತೆಯೇ ಇದ್ದು, ಅದರ ಕೆಲಸ ಮಾಡದ ವಸ್ತುವನ್ನು ಕೊಟ್ಟರೆ? ಬೀಗದೊಳಗೆ ಸಲೀಸಾಗಿ ಹೋಗಿ, ತಿರುಗದೆ ಅಲ್ಲೇ ಸಿಕ್ಕಿಕೊಳ್ಳುವ ಕೀಲಿಯ ಹಾಗೆ. ಸರಿಯಾದ ಕೀಲಿಗೆ ಆಗ ಜಾಗವೇ ಇರುವುದಿಲ್ಲ.

ಅಂಥ ಕೀಲಿಗಳನ್ನು ಮಾಡುವ ಕೆಲಸ ಸುಬ್ಬಾರಾವ್ ಅವರ ಲೆಡರ್ಲಿಯಲ್ಲೇ ನಡೆದಿತ್ತು. ಅಲ್ಲಿನ ರಸಾಯನ ವಿಜ್ಞಾನಿಗಳಲ್ಲಿ ಡೋರಿಸ್ ಸೀಗರ್ ಕೂಡ ಇದ್ದರು. ಅಮೈನೊಪ್ಟೆರಿನ್ ಎಂಬ ವಸ್ತು ಸಿದ್ಧವಾಯಿತು. ಅದರ ಬೆನ್ನಿಗೇ ಸ್ವಲ್ಪ ಮಾರ್ಪಾಡಾದ ಅಮೆಥೊಪ್ಟೆರಿನ್, ಅಂದರೆ ಇಂದಿನ ಮೆಥೊಟ್ರೆಕ್ಸೇಟ್. 1947ರ ಡಿಸೆಂಬರ್ ಕೊನೆಯಲ್ಲಿ ಫಾರ್ಬರ್ ಅಮೈನೊಪ್ಟೆರಿನ್ ಕೊಡಲು ಆರಂಭಿಸಿದರು. 1948ರ ಜೂನ್‌ನಲ್ಲಿ ಪ್ರಕಟವಾದ ವರದಿಯ ಪ್ರಕಾರ 16 ಮಕ್ಕಳಲ್ಲಿ 10 ಮಕ್ಕಳು ಸುಧಾರಿಸಿದ್ದರು. ಹಾಸಿಗೆ ಹಿಡಿದಿದ್ದ ಮಕ್ಕಳು ಎದ್ದು ಆಡಿದರು. ಆ ಸುಧಾರಣೆ ಕೆಲವು ತಿಂಗಳು ಮಾತ್ರ ಉಳಿಯಿತು, ಕಾಯಿಲೆ ಮರಳಿ ಬಂತು. ಆದರೂ ರಕ್ತದ ಕ್ಯಾನ್ಸರ್ ಔಷಧಿಗೆ ಬಗ್ಗುತ್ತದೆ ಎಂದು ಜಗತ್ತಿಗೆ ಗೊತ್ತಾಯಿತು.

ಅದೇ ವರ್ಷಗಳಲ್ಲಿ ಸುಬ್ಬಾರಾವ್ ಅವರ ವಿಭಾಗದಿಂದ ಇನ್ನೂ ಎರಡು ದೊಡ್ಡ ಔಷಧಿಗಳು ಬಂದವು. ಒಂದು, ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ತೆಗೆದ ಆರಿಯೊಮೈಸಿನ್. ಟೆಟ್ರಾಸೈಕ್ಲಿನ್ ಕುಟುಂಬದ ಮೊದಲ ಆಂಟಿಬಯೋಟಿಕ್. ಇನ್ನೊಂದು ಆನೆಕಾಲು ರೋಗದ ಮದ್ದು, ಡಿಇಸಿ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಗೆಳತಿಯರಿಗೆ ನೆನಪಿರಬಹುದು, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ಬಂದು ಎದುರಿಗೇ ನುಂಗಿಸುತ್ತಿದ್ದ ಮಾತ್ರೆ ಅದೇ.

ನೋಡದೇ ಹೋದ ಗೆಲುವು

1948ರ ಆಗಸ್ಟ್‌ನಲ್ಲಿ, ಫಾರ್ಬರ್ ವರದಿ ಬಂದು ಎರಡೇ ತಿಂಗಳಿಗೆ, ಸುಬ್ಬಾರಾವ್ ತಮ್ಮ ವಸತಿಯಲ್ಲಿ ಹೃದಯಾಘಾತದಿಂದ ನಿದ್ರೆಯಲ್ಲೇ ತೀರಿಕೊಂಡರು. ವಯಸ್ಸು 53. ಹೆಚ್ಚುಕಡಿಮೆ ಕಾಲು ಶತಮಾನ ಅಮೆರಿಕದಲ್ಲಿದ್ದರೂ ಅಲ್ಲಿನ ಪ್ರಜೆಯಾಗಿರಲಿಲ್ಲ. 1946ರವರೆಗೆ ಭಾರತೀಯರಿಗೆ ಅಲ್ಲಿ ಪೌರತ್ವ ಪಡೆಯುವ ಹಕ್ಕೇ ಇರಲಿಲ್ಲ. ಸ್ವತಂತ್ರ ಭಾರತವನ್ನೂ ಅವರು ಕಣ್ಣಾರೆ ಕಾಣಲಿಲ್ಲ.

ನಮ್ಮ ಅತ್ತಿಗೆಯ ಕಥೆಗೆ ಕೊಂಡಿ ಬೀಳುವುದು ಇಲ್ಲಿಂದ ಎಂಟು ವರ್ಷ ಮುಂದೆ. ಅಮೆರಿಕದ ಬೆಥೆಸ್ಡಾದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಚೀನಾ ಮೂಲದ ಯುವ ವೈದ್ಯ ಮಿನ್ ಚಿಯು ಲೀ ಮತ್ತು ಹಿರಿಯರಾದ ರಾಯ್ ಹರ್ಟ್ಜ್ ಇದ್ದರು. ಗರ್ಭದ ಮಾಸಿನ ಜೀವಕೋಶಗಳಿಂದ ಹುಟ್ಟುವ ಕೊರಿಯೊಕಾರ್ಸಿನೋಮ ಎಂಬ ಕ್ಯಾನ್ಸರ್ ಶ್ವಾಸಕೋಶಕ್ಕೆ ಹರಡಿದರೆ ಆ ತಾಯಿ ಉಳಿಯುವುದು ತೀರಾ ಅಪರೂಪವಾಗಿತ್ತು. ಲೀ ಅಂಥ ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಕೊಟ್ಟರು. ಎಕ್ಸ್-ರೇಯಲ್ಲಿ ಗಡ್ಡೆಗಳು ಕರಗಿ ಮಾಯವಾದವು. ಹರಡಿಹೋದ ಗಡ್ಡೆಯ ಕ್ಯಾನ್ಸರ್ ಒಂದು ಔಷಧಿಯಿಂದಲೇ ವಾಸಿಯಾದದ್ದು ಅದೇ ಮೊದಲು. 1956ರಲ್ಲಿ ಅದರ ವರದಿ ಬಂತು.

ಲೀ ಇನ್ನೊಂದು ಹೆಜ್ಜೆ ಮುಂದೆ ಹೋದರು. ಗಡ್ಡೆ ಕಾಣದಂತಾದ ಮೇಲೂ ಮೂತ್ರದಲ್ಲಿ ಎಚ್‌ಸಿಜಿ ಸ್ವಲ್ಪ ಉಳಿದಿರುತ್ತಿತ್ತು. ಆ ಸಂಖ್ಯೆ ಪೂರ್ತಿ ಇಳಿಯುವವರೆಗೂ ಅವರು ಔಷಧಿ ನಿಲ್ಲಿಸಲಿಲ್ಲ. ಕಣ್ಣಿಗೆ ಕಾಣದ ಕಾಯಿಲೆಗೆ ವಿಷದಂಥ ಔಷಧಿ ಕೊಡುತ್ತಿದ್ದಾರೆಂದು ಸಂಸ್ಥೆ ಅವರನ್ನು ಕೆಲಸದಿಂದ ತೆಗೆದುಹಾಕಿತು. ಬೇಗ ನಿಲ್ಲಿಸಿದವರಲ್ಲಿ ಕ್ಯಾನ್ಸರ್ ಮರಳಿತು, ಲೀ ಕೊನೆಯವರೆಗೂ ಕೊಟ್ಟವರಲ್ಲಿ ಮರಳಲಿಲ್ಲ ಎಂದು ಆಮೇಲೆ ತಿಳಿಯಿತು. 1972ರಲ್ಲಿ ಲೀ ಮತ್ತು ಹರ್ಟ್ಜ್ ಇಬ್ಬರಿಗೂ ಲಾಸ್ಕರ್ ಪ್ರಶಸ್ತಿ ಬಂತು. ಅತ್ತಿಗೆಗೆ ವಾರವಾರ ರಕ್ತ ತೆಗೆದು ಆ ಸಂಖ್ಯೆಗಾಗಿ ಕಾದದ್ದು ಯಾಕೆಂದು ನನಗೆ ಅರ್ಥವಾದದ್ದು ಇದನ್ನು ಓದಿದಾಗಲೇ.

ಹಳೆಯ ಬೇರು, ಹೊಸ ಚಿಗುರು

ಅಪರೂಪದ, ಕಷ್ಟದ ಕ್ಯಾನ್ಸರ್‌ಗಳಿಗೆ ಹೊಸ ಚಿಕಿತ್ಸೆ ಎಂದು ನಾವು ಇಂದು ಪೇಪರಿನಲ್ಲಿ ಓದುವ ಔಷಧಿಗಳಲ್ಲೂ ಕೆಲವಕ್ಕೆ ಬೇರು ಇಲ್ಲೇ ಇದೆ. ಕಲ್ನಾರಿನ ಧೂಳಿನಿಂದ ಬರುವ ಮೆಸೊಥೆಲಿಯೋಮಕ್ಕೆ 2004ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಪೆಮೆಟ್ರೆಕ್ಸೆಡ್, ಅಪರೂಪದ ಟಿ-ಕೋಶದ ಲಿಂಫೋಮಕ್ಕೆ 2009ರಲ್ಲಿ ಒಪ್ಪಿಗೆ ಪಡೆದ ಪ್ರಲಾಟ್ರೆಕ್ಸೇಟ್ ಎರಡೂ ಫೋಲಿಕ್ ಆಸಿಡ್‌ನ ದಾರಿಗೆ ಅಡ್ಡ ನಿಲ್ಲುವ ಔಷಧಿಗಳೇ. ಎಳೆಯರಿಗೆ ಬರುವ ಮೂಳೆಯ ಕ್ಯಾನ್ಸರಿಗೆ, ಮೆದುಳಿನ ಲಿಂಫೋಮಕ್ಕೆ ಇಂದಿಗೂ ದೊಡ್ಡ ಪ್ರಮಾಣದಲ್ಲಿ ಮೆಥೊಟ್ರೆಕ್ಸೇಟ್ ಕೊಡುತ್ತಾರೆ. ಆಮೇಲೆ ಫೋಲಿನಿಕ್ ಆಸಿಡ್ ಕೊಟ್ಟು ಒಳ್ಳೆಯ ಜೀವಕೋಶಗಳನ್ನು ಕಾಪಾಡುತ್ತಾರೆ. ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹಲವು ಔಷಧಿಗಳ ಜೊತೆಗೆ ಅದು ಈಗಲೂ ಇದೆ. ಒಳ್ಳೆಯ ಚಿಕಿತ್ಸೆ ಸಿಕ್ಕ ಮಕ್ಕಳಲ್ಲಿ ಹೆಚ್ಚಿನವರು ಇಂದು ಪೂರ್ತಿ ವಾಸಿಯಾಗಿ ಶಾಲೆಗೆ ಮರಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಮೆಥೊಟ್ರೆಕ್ಸೇಟ್ ಇದೆ.

ಸುಬ್ಬಾರಾವ್ ಅವರ ಹೆಸರಿನಲ್ಲಿ ಉಳಿದದ್ದು ಕಡಿಮೆ. ಒಂದು ಬಗೆಯ ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಎಂದು ಹೆಸರಿಟ್ಟರು. 1995ರಲ್ಲಿ, ಹುಟ್ಟಿ ನೂರು ವರ್ಷವಾದಾಗ, ನಮ್ಮ ಅಂಚೆ ಇಲಾಖೆ ಒಂದು ಅಂಚೆಚೀಟಿ ತಂದಿತು. ನೊಬೆಲ್ ಬರಲಿಲ್ಲ.

ಅವರ ಬದುಕನ್ನು ಪೂರ್ತಿ ಓದಿದ ಮೇಲೆ ನನಗೆ ಉಳಿದ ಭಾವನೆ ಬರೀ ಹೆಮ್ಮೆಯದಲ್ಲ. ಒಂದು ಔಷಧಿಯ ಹಿಂದೆ ಎಷ್ಟು ಜನ ನಿಂತಿದ್ದಾರೆ! ಒಡವೆ ಮಾರಿದ ವೆಂಕಮ್ಮ. ಬಾರದ ಗಂಡನಿಗಾಗಿ ಕಾದ, ಕೂಸನ್ನು ಕಳೆದುಕೊಂಡ ಶೇಷಗಿರಿ. ತಮ್ಮ ರಕ್ತ ಯಾಕೆ ತೆಳ್ಳಗಾಗುತ್ತಿದೆ ಎಂದು ತಿಳಿಯದ, ಹೆಸರೂ ದಾಖಲಾಗದ ಮುಂಬೈನ ಗಿರಣಿಯ ಹೆಂಗಸರು. ಅವರ ಸಂಕಟ ಕೇಳಿಸಿಕೊಂಡ ಲೂಸಿ ವಿಲ್ಸ್. ಬಾಸ್ಟನ್ನಿನ ಆ ಮಕ್ಕಳು, ಅವರ ಅಮ್ಮಂದಿರು. ಇಷ್ಟು ಜನರ ಸಾಲಿನ ಕೊನೆಯಲ್ಲಿ ನಮ್ಮ ಅತ್ತಿಗೆ ಕೂತು ಕೈ ಚಾಚಿ ಇಂಜೆಕ್ಷನ್ ತೆಗೆದುಕೊಂಡರು.

ಕೊನೆಯಲ್ಲಿ ಎರಡು ಮಾತು. ದಯವಿಟ್ಟು ಇಷ್ಟನ್ನು ನೆನಪಿಟ್ಟುಕೊಳ್ಳಿ.

ಒಂದು: ನಮ್ಮ ನಿಮ್ಮ ನೆಂಟರಿಷ್ಟರಲ್ಲಿ ಯಾರಿಗಾದರೂ ಮೋಲಾರ್ ಪ್ರೆಗ್ನೆನ್ಸಿ ಆಗಿದ್ದರೆ, ಸ್ವಚ್ಛ ಮಾಡಿದಲ್ಲಿಗೆ ವಿಷಯ ಮುಗಿಯಿತು ಎಂದುಕೊಳ್ಳಬೇಡಿ. ಎಚ್‌ಸಿಜಿ ಪರೀಕ್ಷೆಯನ್ನು ಡಾಕ್ಟರ್ ಹೇಳಿದಷ್ಟು ಕಾಲವೂ ತಪ್ಪಿಸದೆ ಮಾಡಿಸಿ. ಅವರು ಹೇಳದಿದ್ದರೆ ನೀವೇ ಕೇಳಿ. ಅವರು ಸರಿ ಎನ್ನುವವರೆಗೆ ಮತ್ತೊಂದು ಗರ್ಭ ಬೇಡ. ನಾಚಿಕೆಯಿಂದಲೋ, ಇನ್ನೊಂದು ಮಗು ಬೇಗ ಆಗಲಿ ಎಂಬ ಮನೆಯವರ ಒತ್ತಾಯದಿಂದಲೋ ಇದನ್ನು ಬಿಟ್ಟವರು ಅಪಾಯಕ್ಕೆ ಸಿಕ್ಕಿಕೊಳ್ಳುತ್ತಾರೆ. ಹೊತ್ತಿಗೆ ಸರಿಯಾಗಿ ಗೊತ್ತಾದರೆ ಬಹುತೇಕ ಎಲ್ಲರೂ ವಾಸಿಯಾಗುತ್ತಾರೆ, ಮುಂದೆ ಮಕ್ಕಳೂ ಆಗಬಹುದು.

ಎರಡು: ನಮ್ಮಲ್ಲಿ ಅನೇಕರ ಮನೆಯಲ್ಲಿ ಅಮ್ಮಂದಿರು ಕೀಲುವಾತಕ್ಕೆ ಇದೇ ಮೆಥೊಟ್ರೆಕ್ಸೇಟ್ ಮಾತ್ರೆ ತೆಗೆದುಕೊಳ್ಳುತ್ತಾರೆ. ಅದು ವಾರಕ್ಕೆ ಒಂದೇ ದಿನದ ಮಾತ್ರೆ. ಮರೆತು ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬಸುರಿಯರು, ಬಸುರಿಯಾಗಬೇಕೆಂದಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಮಾತ್ರೆಯ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಮುಂದಿನ ಸಲ ಅಮ್ಮನ ಔಷಧಿ ಡಬ್ಬಿಯಲ್ಲಿ ಆ ಸಣ್ಣ ಹಳದಿ ಮಾತ್ರೆ ಕಂಡರೆ, ಭೀಮವರಂನಿಂದ ಕಾಶಿಗೆಂದು ಓಡಿಹೋದ ಹುಡುಗನನ್ನೂ, ಅವನನ್ನು ವಾಪಸು ಕರೆತಂದ ತಾಯಿಯನ್ನೂ ಒಮ್ಮೆ ನೆನೆಯೋಣ.